ಬಸಿದ ಶಾವಗಿಗೆ ಬೆಲ್ಲ ಹಾಕೋದು ಮರೆತರೇನು?

2024ರ ದಸರಾ ಮುಗಿದ ವಾರ. ದಂಡೋತಿಯ ನಮ್ಮ ಗೆಳೆಯನ ಅವ್ವನಿಗೆ ಬೆಂಗಳೂರಿನಲ್ಲಿ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದ ದಿನ ಆಕೆಗೆ ಏನಾದರೂ ಹೊಸದು ತೋರಿಸೋಣ, ಹೊಸದು ತಿನ್ನಿಸೋಣ ಅಂತ ನಾವು ಗೆಳೆಯರೆಲ್ಲ ಸೇರಿ ಒಂದು ಮಾಲ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ದೊಡ್ಡ ಹೆಸರಿನ ನೂಡಲ್ಸ್ ಹೋಟೆಲ್ ಇದೆ. ಊರೂರಿಗೆ ಶಾಖೆ ಇರುವ ಕಂಪನಿ. ಹೆಸರು ಬೇಡ. ಅಂಥವು ಈಗ ಹತ್ತಾರಿವೆ, ನೀವು ಹೋದದ್ದು ಬೇರೆಯದೇ ಇದ್ದರೂ ಕಥೆ ಹೆಚ್ಚುಕಡಿಮೆ ಇದೇ ಆಗಿರುತ್ತದೆ.

ನಾವು ನಾಲ್ಕು ಜನ, ಹೇಳಿದ್ದು ಮೂರು ಬಟ್ಟಲು. ಒಂದಕ್ಕೆ 389 ರೂಪಾಯಿ. ಬಂದ ನೂಡಲ್ಸ್ ಮೇಲೆ ಬಿಸಿ, ಒಳಗೆ ತಣ್ಣಗೆ. ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಸಾಸು ಸಿಹಿ ಸಿಹಿ. ಕೋಸಂಬರಿಗೆ ಹೆಚ್ಚಿದ ಹಾಗೆ ನಾಲ್ಕು ಚೂರು ಗಜ್ಜರಿ. ಫೋಟೋದಲ್ಲಿ ಬಟ್ಟಲು ತುಂಬಿ ಹೊಗೆ ಆಡುತ್ತಿತ್ತು, ಮೇಜಿನ ಮೇಲೆ ಹಾಗಿರಲಿಲ್ಲ.

ಅವ್ವ ಎರಡು ಎಳೆ ಎತ್ತಿ ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು ಮಗನ ಮುಖ ನೋಡಿದಳು.

"ಯಪ್ಪಾ, ಇದು ಬಸಿದ ಶಾವಗಿ ಅದ. ಬೆಲ್ಲ ಹಾಕೋದು ಮರ್ತಾರೇನು?"

ನಾವು ನಕ್ಕೆವು. ಬಿಲ್ಲು ಬಂದಾಗ ನಗು ನಿಂತಿತು. ಜಿಎಸ್‌ಟಿ ಸೇರಿ 1,225 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆಪರೇಷನ್‌ಗೆ ಬರುವ ಮುಂಚೆ ಅವ್ವ ಅದೇ ಕೆಲಸದಲ್ಲಿ ಮಣ್ಣು ಹೊತ್ತವಳು. ಮೂರೂವರೆ ದಿನದ ಕೂಲಿಯನ್ನು ನಾವು ಅರ್ಧ ಗಂಟೆಯಲ್ಲಿ ಕೊಟ್ಟು ಎದ್ದು ಬಂದಿದ್ದೆವು, ಅದೂ ಅರ್ಧ ಬಟ್ಟಲು ಹಾಗೇ ಬಿಟ್ಟು. ಅನ್ನ ಬಿಟ್ಟು ಏಳುವುದು ಆಕೆಗೆ ಆಗಿಬರಲಿಲ್ಲ. ಹೊರಗೆ ಬಂದ ಮೇಲೂ ಎರಡು ಸಲ ಹಿಂತಿರುಗಿ ನೋಡಿದಳು.

ಆಮೇಲೆ ನಮಗೆ ಆಕೆಯ ಮಾತೇ ತಲೆಯಲ್ಲಿ ಉಳಿಯಿತು. ಬಸಿದ ಶಾವಗಿ. ನೂಡಲ್ಸ್ ಮತ್ತು ಶಾವಗಿ ಬೇರೆ ಬೇರೆ ಅಂತ ನಾವು ಯಾಕೆ ಅಂದುಕೊಂಡಿದ್ದೇವೆ? ಒಂದಕ್ಕೆ 389 ಕೊಡುತ್ತೇವೆ, ಇನ್ನೊಂದನ್ನು ಅವ್ವ ಡಬ್ಬಿಗೆ ತುಂಬಿ ಕೊಟ್ಟರೆ ರೂಮಿನ ಮೂಲೆಗೆ ಹಾಕುತ್ತೇವೆ. ಹೀಗೆ ಆದದ್ದು ಹೇಗೆ ಅಂತ ಹುಡುಕಿದೆವು. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ.

ಎಲ್ಲಕ್ಕಿಂತ ಹಳೆಯ ನೂಡಲ್ಸ್ ಸಿಕ್ಕಿರುವುದು ಚೀನಾದಲ್ಲಿ, ಹಳದಿ ನದಿಯ ದಂಡೆಯ ಲಾಜಿಯಾ ಎಂಬ ಊರಿನಲ್ಲಿ. ಭೂಕಂಪ ಮತ್ತು ಪ್ರವಾಹ ಬಂದು ಆ ಊರು ಮಣ್ಣಿನಡಿ ಹೋಗಿತ್ತು. ಅಗೆದಾಗ ಬೋರಲು ಬಿದ್ದ ಒಂದು ಮಣ್ಣಿನ ಬಟ್ಟಲು ಸಿಕ್ಕಿತು, ಅದರಡಿ ಉದ್ದ ಉದ್ದ ಹಳದಿ ಎಳೆಗಳು. ಸುಮಾರು 4,000 ವರ್ಷ ಹಳೆಯವು. 2005ರಲ್ಲಿ ಈ ಸುದ್ದಿ ಜಗತ್ತಿಗೆಲ್ಲ ಗೊತ್ತಾಯಿತು. ಪರೀಕ್ಷೆ ಮಾಡಿದ ವಿಜ್ಞಾನಿಗಳು ಅದು ಗೋಧಿಯದ್ದಲ್ಲ, ನವಣೆ ಮತ್ತು ಬರಗಿನ ಹಿಟ್ಟಿನದು ಎಂದರು. ನವಣೆ, ಬರಗು! ನಮ್ಮ ಅಜ್ಜಂದಿರು ಹೊಲದಲ್ಲಿ ಬೆಳೆದು, ನಾವು ಮರೆತು, ಈಗ ಪೇಟೆಯಲ್ಲಿ 'ಸಿರಿಧಾನ್ಯ' ಅಂತ ಪಾಕೀಟಿನಲ್ಲಿ ಕೊಳ್ಳುವ ಅದೇ ಕಾಳುಗಳು.

ಊರಿಗೆ ಹೋದಾಗ ಇದನ್ನು ಅವ್ವನಿಗೆ ಹೇಳಿದೆವು. ಆಕೆಗೆ ನಂಬಿಕೆ ಬರಲಿಲ್ಲ. "ನವಣಿ ಹಿಟ್ಟಿಗಿ ಎಳಿ ಎಲ್ಲಿ ಬರ್ತದ? ಜಿಗಿನೇ ಇರಂಗಿಲ್ಲ. ಏನರೆ ಕೂಡಿಸಿರಬೇಕು," ಅಂದಳು. ತಮಾಷೆ ಏನೆಂದರೆ, ಕೆಲವು ವರ್ಷದ ನಂತರ ಬೇರೆ ವಿಜ್ಞಾನಿಗಳೂ ಇದೇ ತಕರಾರು ಎತ್ತಿದ್ದರು. ಬರೀ ನವಣೆ ಹಿಟ್ಟನ್ನು ಅಷ್ಟು ಉದ್ದ ಎಳೆಯಲು ಬರುವುದಿಲ್ಲ ಎಂದು ಅವರೂ ಮಾಡಿ ನೋಡಿ ಹೇಳಿದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಜಿಗಿ ಎಂದು ಅವ್ವ ಹೇಳಿದ್ದು ಗೋಧಿಯಲ್ಲಿರುವ ಗ್ಲುಟೆನ್. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಷ್ಟೂ ಅದು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಅದಕ್ಕೇ ಎಳೆದರೆ ಹರಿಯುವುದಿಲ್ಲ. ಜೋಳದಲ್ಲಿ ಅದು ಇಲ್ಲ, ಅದಕ್ಕೇ ರೊಟ್ಟಿ ತಟ್ಟಬೇಕು, ಎಳೆಯಲು ಬರುವುದಿಲ್ಲ. ಅಕ್ಕಿಯಲ್ಲೂ ಇಲ್ಲ, ಅದಕ್ಕೇ ಮಲೆನಾಡು, ಮೈಸೂರು ಕಡೆಯವರು ಅಕ್ಕಿ ಹಿಟ್ಟನ್ನು ಮೊದಲು ಬೇಯಿಸಿ, ಒರಳಿನಲ್ಲಿ ಒತ್ತಿ ಒತ್ತು ಶಾವಿಗೆ ಮಾಡುತ್ತಾರೆ.

ಚೀನಾದಿಂದ ಮಾರ್ಕೊ ಪೋಲೋ ನೂಡಲ್ಸನ್ನು ಇಟಲಿಗೆ ಒಯ್ದ ಎಂಬ ಕಥೆ ಶಾಲೆಯಲ್ಲಿ ಕೇಳಿರುತ್ತೀರಿ. ಅದು ಸುಳ್ಳು. ಪೋಲೋ ಊರಿಗೆ ಮರಳಿದ್ದು 1295ರಲ್ಲಿ. ಅದಕ್ಕೂ ಮೊದಲೇ, 1154ರಲ್ಲಿ, ಅಲ್ ಇದ್ರೀಸಿ ಎಂಬ ಅರಬ್ ಭೂಗೋಳ ಪಂಡಿತ ಸಿಸಿಲಿ ದ್ವೀಪದ ಒಂದು ಊರಿನಲ್ಲಿ ಎಳೆ ಎಳೆಯಾದ ಹಿಟ್ಟಿನ ತಿನಿಸು ಮಾಡಿ, ಹಡಗಿನಲ್ಲಿ ದೂರದೂರಕ್ಕೆ ಕಳಿಸುತ್ತಾರೆಂದು ಬರೆದಿಟ್ಟಿದ್ದ. ಒಣಗಿಸಿದರೆ ಕೆಡುವುದಿಲ್ಲ, ಹಗುರ, ನೀರು ಬಿಸಿ ಮಾಡಿದರೆ ಊಟ. ಹಡಗಿನವರಿಗೂ ಒಂಟೆಯವರಿಗೂ ಅದು ಬೇಕಾಗಿತ್ತು.

ನಮ್ಮ ಕಡೆ? 12ನೇ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಇವತ್ತಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗ ಅಂತಲೇ ಒಂದು ಭಾಗವಿದೆ. ಇಡ್ಲಿ, ವಡೆಯಂಥ ತಿಂಡಿಗಳ ವಿವರ ಅದರಲ್ಲಿ ಸಿಗುತ್ತದೆ. ಶಾವಗಿಯ ಸ್ಪಷ್ಟ ವಿಧಾನ ನಮಗೆ ಸಿಕ್ಕಿದ್ದು ಇನ್ನೂ ಈಚಿನ ಒಂದು ವೈದ್ಯ ಪುಸ್ತಕದಲ್ಲಿ, 16ನೇ ಶತಮಾನದ 'ಭಾವಪ್ರಕಾಶ'ದಲ್ಲಿ. ಅಲ್ಲಿ ಅದರ ಹೆಸರು ಸೇವಿಕಾ. ಗೋಧಿ ಹಿಟ್ಟನ್ನು ಸಣ್ಣ ಬತ್ತಿಯ ಹಾಗೆ ಹೊಸೆದು, ಒಣಗಿಸಿ, ಹಾಲಿನಲ್ಲಿ ಬೇಯಿಸಿ, ತುಪ್ಪ ಸಕ್ಕರೆ ಹಾಕಿ ತಿನ್ನಬೇಕು ಎಂದಿದೆ. ಎಳೆಗಳು ಜವೆಕಾಳಿನಷ್ಟು ಇರಬೇಕಂತೆ. ಹಾಗಾದರೆ ಅದು ಉದ್ದ ಶಾವಗಿಗಿಂತ ನಮ್ಮ ಮದುವೆ ಮನೆಗಳಲ್ಲಿ ಹೆಣ್ಣುಮಕ್ಕಳು ಬೆರಳ ತುದಿಯಲ್ಲಿ ಹೊಸೆಯುವ ಗೌಲಿ, ಸವತಿಬೀಜಕ್ಕೆ ಹತ್ತಿರ.

ನಮ್ಮ ಸೀಮೆ 1948ರ ಸೆಪ್ಟೆಂಬರ್ 17ರ ತನಕ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಹೀಗಾಗಿ ಇಲ್ಲಿ ಶಾವಗಿಗೆ ಎರಡು ಮನೆ. ಹಬ್ಬದ ದಿನ ಬಸಿದು, ಬೆಲ್ಲ ಹಾಲು ತುಪ್ಪ ಕಲಸಿ ತಿನ್ನುವುದು ಒಂದು. ರಂಜಾನ್ ದಿನ ಹಾಲು, ಖರ್ಜೂರ, ಗೋಡಂಬಿ ಹಾಕಿ ಮಾಡುವ ಸುರಕುಂಬಾ ಇನ್ನೊಂದು. ಹೆಸರು ಪಾರ್ಸಿಯಿಂದ ಬಂದದ್ದು, ಶೀರ್ ಅಂದರೆ ಹಾಲು, ಖುರ್ಮಾ ಅಂದರೆ ಖರ್ಜೂರ. ಚಿತ್ತಾಪುರ, ಶಹಾಬಾದ, ವಾಡಿಯಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಮನೆಯಿಂದ ಡಬ್ಬಿ ಬಂದೇ ಬರುತ್ತದೆ, ನಮ್ಮ ಹಬ್ಬಕ್ಕೆ ಆ ಡಬ್ಬಿ ಹೋಳಿಗೆ ತುಂಬಿಕೊಂಡು ಹಿಂದೆ ಹೋಗುತ್ತದೆ.

ಇನ್ನು ಆ ಮಾಲ್‌ನ ಬಟ್ಟಲಿಗೆ ಬರೋಣ. ಮೆನು ಕಾರ್ಡಿನಲ್ಲಿ ಅದರ ಹೆಸರು 'ಹಕ್ಕಾ ನೂಡಲ್ಸ್'. ಚಿತ್ತಾಪುರದ ಗಾಡಿಯ ಬೋರ್ಡಿನಲ್ಲೂ ಅದೇ ಹೆಸರು. ಹಕ್ಕಾ ಅಂದರೆ ಏನೋ ರುಚಿ ಇರಬೇಕು ಅಂತ ನಾವೂ ತಿಳಿದಿದ್ದೆವು. ಅದು ಒಂದು ಜನರ ಹೆಸರು.

18ನೇ ಶತಮಾನದ ಕೊನೆಯಲ್ಲಿ, ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ, ಟಾಂಗ್ ಅಚ್ಯೂ ಎಂಬ ಚೀನೀಯ ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿಯ ದಂಡೆಯಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ. ಆ ಊರಿಗೆ ಇವತ್ತಿಗೂ ಅಚಿಪುರ ಅಂತಲೇ ಹೆಸರು. ಅವನ ಹಿಂದೆ ಬಡಗಿಗಳು, ಚಪ್ಪಲಿ ಹೊಲಿಯುವವರು, ಹಲ್ಲಿನ ವೈದ್ಯರು ಬಂದರು. ಅವರಲ್ಲಿ ದಕ್ಷಿಣ ಚೀನಾದ ಹಕ್ಕಾ ಜನ ಕಲ್ಕತ್ತೆಯ ಟ್ಯಾಂಗ್ರಾ ಎಂಬಲ್ಲಿ ನೆಲೆ ನಿಂತು ಚರ್ಮ ಹದ ಮಾಡುವ ಕೆಲಸ ಹಿಡಿದರು. ಬೇರೆಯವರು ಮುಟ್ಟಲೊಲ್ಲದ ಕೆಲಸ. ಅದನ್ನು ಯಾರು ಮಾಡುತ್ತಾರೆ, ಅವರು ಊರಿನ ಯಾವ ಕಡೆ ಇರುತ್ತಾರೆ ಎಂಬುದು ನಮ್ಮ ಊರಿನವರಿಗೂ ಗೊತ್ತಿರುವ ವಿಷಯವೇ.

1962ರಲ್ಲಿ ಚೀನಾ ಯುದ್ಧವಾಯಿತು. ಮೂರು ಸಾವಿರದಷ್ಟು ಭಾರತೀಯ ಚೀನೀಯರನ್ನು, ಇಲ್ಲೇ ಹುಟ್ಟಿದವರನ್ನೂ ಸೇರಿಸಿ, ಮನೆಯಿಂದ ಎಬ್ಬಿಸಿ ರೈಲಿನಲ್ಲಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಒಯ್ದರು. ಮುದುಕರು, ಮಕ್ಕಳು, ಬಸುರಿಯರು. ಕೆಲವರು ಐದು ವರ್ಷದ ತನಕ ಅಲ್ಲೇ ಉಳಿದರು. ಬಿಡುಗಡೆಯಾಗಿ ಬಂದಾಗ ಹಲವರ ಮನೆ, ಅಂಗಡಿ ಕೈಬಿಟ್ಟಿದ್ದವು. ಬಹಳ ಜನ ದೇಶ ಬಿಟ್ಟು ಕೆನಡಾ ಕಡೆ ಹೋದರು. ಉಳಿದವರಲ್ಲಿ ಕೆಲವರು ಅಡುಗೆ ಹಿಡಿದರು. 1996ರಲ್ಲಿ ಸುಪ್ರೀಂ ಕೋರ್ಟ್ ಚರ್ಮದ ಕಾರ್ಖಾನೆಗಳನ್ನು ಊರ ಹೊರಗೆ ಕಳಿಸಲು ಹೇಳಿದ ಮೇಲೆ ಟ್ಯಾಂಗ್ರಾದ ಎಷ್ಟೋ ಶೆಡ್ಡುಗಳು ಹೋಟೆಲ್ ಆದವು.

ಶಾಲೆಯ ಪುಸ್ತಕದಲ್ಲಿ 1962ರ ಯುದ್ಧ ಓದಿದ್ದೇವೆ. ಪರೀಕ್ಷೆಯಲ್ಲಿ ಬರೆದಿದ್ದೇವೆ. ದೇವಳಿಯ ಹೆಸರು ನಮಗೆ ಗೊತ್ತಾದದ್ದು ಒಂದು ಬಟ್ಟಲು ಕೆಟ್ಟ ನೂಡಲ್ಸ್ ತಿಂದ ಮೇಲೆ. ನಾಚಿಕೆಯಾಯಿತು.

ಅದೇ ಹೊತ್ತಿನಲ್ಲಿ ಇನ್ನೊಂದು ನೂಡಲ್ಸ್ ನಮ್ಮ ರಾಜ್ಯಕ್ಕೇ ಬಂದಿತ್ತು. ಟಿಬೆಟ್ಟಿನಿಂದ ಓಡಿ ಬಂದವರಿಗೆ ಆಗಿನ ಮೈಸೂರು ರಾಜ್ಯ ಜಾಗ ಕೊಟ್ಟಿತು, 1961ರಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ. ಅವರ ಥುಕ್ಪಾ ಅಂದರೆ ಸಾರಿನಲ್ಲಿ ಮುಳುಗಿದ ಶಾವಗಿ. ಅಲ್ಲಿಗೆ ಹೋದರೆ ತಿನ್ನಿ, ಚಳಿಗೆ ಬಹಳ ಛಲೋ.

ಮಂಚೂರಿ ಕಥೆ ಚಿಕ್ಕದು. ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ, ಗಿರಾಕಿ ಹೊಸದೇನಾದರೂ ಕೊಡಿ ಅಂದಾಗ, ಬಳ್ಳೊಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆ ಬಿಟ್ಟು ಸೋಯಾ ಸಾಸ್ ಹಾಕಿ ಕೋಳಿ ಮಾಡಿಕೊಟ್ಟರಂತೆ. ಅದೇ ಚಿಕನ್ ಮಂಚೂರಿಯನ್. ಕೋಳಿ ಜಾಗಕ್ಕೆ ಹೂಕೋಸು ಬಂದು ನಮ್ಮ ಗೋಬಿ ಮಂಚೂರಿ ಆಯಿತು. ಚೀನಾದ ಮಂಚೂರಿಯಾ ಸೀಮೆಗೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿಯವರು ಇಲ್ಲಿ ಬಂದು ತಿಂದರೆ ಯಾವ ದೇಶದ ಅಡುಗೆ ಅಂತ ಕೇಳಿಯಾರು.

ಪಾಕೀಟಿನ ನೂಡಲ್ಸ್ ಬೇರೆ ದಾರಿಯಲ್ಲಿ ಬಂತು. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಅಕ್ಕಿ ಇರಲಿಲ್ಲ, ಅಮೆರಿಕದ ಗೋಧಿ ಹಿಟ್ಟು ಬರುತ್ತಿತ್ತು. ಮೊಮೊಫುಕು ಆಂಡೋ ಎಂಬವರು ಮನೆ ಹಿತ್ತಲಿನ ಶೆಡ್ಡಿನಲ್ಲಿ ಪ್ರಯೋಗ ಮಾಡಿ 1958ರಲ್ಲಿ ಮೊದಲ ದಿಢೀರ್ ನೂಡಲ್ಸ್ ಮಾರಾಟಕ್ಕೆ ತಂದರು. ಗುಟ್ಟು ಇಷ್ಟೇ. ಬೇಯಿಸಿದ ಎಳೆಯನ್ನು ಕಾದ ಎಣ್ಣೆಗೆ ಬಿಟ್ಟರೆ ಒಳಗಿನ ನೀರು ಸಿಡಿದು ಹೊರಬರುತ್ತದೆ, ಅದು ಬಂದ ದಾರಿಯಲ್ಲೆಲ್ಲ ಸಣ್ಣ ಸಣ್ಣ ತೂತು ಉಳಿಯುತ್ತವೆ. ಬಿಸಿನೀರು ಹಾಕಿದರೆ ಅದೇ ತೂತುಗಳಿಂದ ಒಳಗೆ ಹೋಗಿ ಎಳೆ ಮೆತ್ತಗಾಗುತ್ತದೆ. ಅಂದರೆ ಎರಡು ನಿಮಿಷದಲ್ಲಿ ಬೇಯುವುದಲ್ಲ, ಮೊದಲೇ ಬೆಂದದ್ದು ನೆನೆಯುವುದು.

ಭಾರತಕ್ಕೆ ಮ್ಯಾಗಿ ಬಂದದ್ದು 1983ರಲ್ಲಿ. ಅದರ ಕಂಪನಿ ನೆಸ್ಲೆಯ ಕಾರ್ಖಾನೆ ನಮ್ಮ ನಂಜನಗೂಡಿನಲ್ಲಿ 1989ರಲ್ಲಿ ಶುರುವಾಯಿತು. ನಮ್ಮ ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಹಳದಿ ಪಾಕೀಟು ಮಾಲೆಯಾಗಿ ತೂಗತೊಡಗಿದಾಗ ನಾವು ಶಾಲೆಯಲ್ಲಿದ್ದೆವು. ಜ್ವರ ಬಂದರೆ ಮಾತ್ರ ಸಿಗುತ್ತಿತ್ತು. ಅದಕ್ಕೇ ಕೆಲವರಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು.

2015ರ ಗಲಾಟೆ ನೆನಪಿರಬೇಕು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಒಂದು ಮಾದರಿಯಲ್ಲಿ ಸೀಸ 17.2 ಪಿಪಿಎಂ ಇದೆ ಎಂದು ವರದಿ ಬಂತು, ಮಿತಿ 2.5. ಎಂಎಸ್‌ಜಿ ಸೇರಿಸಿಲ್ಲ ಎಂದು ಪಾಕೀಟಿನ ಮೇಲೆ ಬರೆದದ್ದರ ಬಗ್ಗೆಯೂ ತಕರಾರು. ಜೂನ್ 5ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಲು ಹೇಳಿತು. ದೇಶದ ಅಂಗಡಿಗಳಿಂದ ವಾಪಸು ತಂದ ಸಾವಿರಾರು ಟನ್ ನೂಡಲ್ಸನ್ನು ಎಲ್ಲಿ ಹಾಕಬೇಕು? ಸಿಮೆಂಟ್ ಕಾರ್ಖಾನೆಯ ಬೆಂಕಿಗೆ. ಮಹಾರಾಷ್ಟ್ರದ ಚಂದ್ರಾಪುರದ ಸಿಮೆಂಟ್ ಗೂಡಿನಲ್ಲಿ ಅದನ್ನು ಸುಟ್ಟರು. ವಾಡಿ, ಮಳಖೇಡ, ಸೇಡಂ ಕಡೆಯವರಿಗೆ ಆ ಗೂಡಿನ ಶಾಖ ಎಂಥದ್ದು ಅಂತ ಹೇಳಬೇಕಿಲ್ಲ, ಒಳಗೆ 1,450 ಡಿಗ್ರಿ. ಸುಣ್ಣದ ಕಲ್ಲೇ ಕರಗಿ ಉಂಡೆ ಕಟ್ಟುವ ಬೆಂಕಿಯಲ್ಲಿ ನೂಡಲ್ಸ್ ಏನಾದೀತು.

ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್, ಕಂಪನಿಯ ಮಾತು ಕೇಳದೆ ನಿಷೇಧ ಹಾಕಿದ್ದು ಸರಿಯಲ್ಲ ಎಂದು ಆದೇಶ ರದ್ದು ಮಾಡಿ, ಮೂರು ಪ್ರಯೋಗಾಲಯಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಲು ಹೇಳಿತು. ಅಲ್ಲಿ ಪಾಸಾಯಿತು. ನವೆಂಬರ್‌ನಲ್ಲಿ ದೀಪಾವಳಿ ಹೊತ್ತಿಗೆ ಪಾಕೀಟು ಮತ್ತೆ ಬಂತು. ಮತ್ತೆ ತಯಾರಿ ಶುರು ಮಾಡಿದ ಕಾರ್ಖಾನೆಗಳಲ್ಲಿ ನಂಜನಗೂಡೂ ಒಂದು. ಸೀಸ ಇತ್ತೋ ಇಲ್ಲವೋ ಅಂತ ಅಂಗಡಿಯ ಕಟ್ಟೆ ಮೇಲೆ ಆಗ ನಡೆದ ವಾದ ಇನ್ನೂ ನಡೆಯುತ್ತಲೇ ಇದೆ.

ನಮ್ಮ ರಾಜ್ಯದ್ದು ಇನ್ನೊಂದು ಲೆಕ್ಕ ಇದೆ. 2024ರ ಮಾರ್ಚ್‌ನಲ್ಲಿ ಆರೋಗ್ಯ ಇಲಾಖೆ 171 ಕಡೆಯ ಗೋಬಿ ಮಂಚೂರಿ ಪರೀಕ್ಷಿಸಿತ್ತು, 107ರಲ್ಲಿ ಅಪಾಯದ ಬಣ್ಣ ಸಿಕ್ಕಿತು. ಅದೇ ತಿಂಗಳು 11ರಂದು ಗೋಬಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಗಾಡಿಯವರ ಮೇಲೆ ಆಗ ಎಲ್ಲರೂ ಮುಗಿಬಿದ್ದರು. ಬಣ್ಣ ಹಾಕಿದ್ದು ತಪ್ಪೇ, ಮಕ್ಕಳು ತಿನ್ನುವ ವಸ್ತು. ಆದರೆ ಗಾಡಿಯವನು ಕಣ್ಣೆದುರಿಗೇ ಹುರಿಯುತ್ತಾನೆ, ಬೇಡ ಅಂದರೆ ಬಣ್ಣವನ್ನೂ ಟೇಸ್ಟಿಂಗ್ ಪೌಡರನ್ನೂ ಬಿಡುತ್ತಾನೆ. ಮಾಲ್‌ನಲ್ಲಿ ಯಾರಿಗೆ ಹೇಳುವುದು? ಕೌಂಟರಿನ ಹುಡುಗನೂ ನಮ್ಮ ಹಾಗೆ ಎಲ್ಲಿಂದಲೋ ದುಡಿಯಲು ಬಂದವನು, ಅವನಿಗೆ ಒಳಗಿನ ಅಡುಗೆ ಗೊತ್ತಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಆ ಬಟ್ಟಲು ಯಾಕೆ ಹಾಗಿತ್ತು ಅಂತ ಅರ್ಧ ಅರ್ಥವಾಯಿತು. ಶಾಖೆ ಜಾಸ್ತಿ ಇರುವ ಹೋಟೆಲ್‌ಗಳು ಸಾಮಾನ್ಯವಾಗಿ ಒಂದೇ ಕಡೆ ದೊಡ್ಡ ಅಡುಗೆಮನೆ ಇಟ್ಟು, ಸಾಸು, ಎಳೆ, ಹೆಚ್ಚಿದ ತರಕಾರಿಯನ್ನು ಅಳೆದು ಎಲ್ಲ ಕಡೆ ಕಳಿಸುತ್ತವೆ. ಎಲ್ಲೆಡೆ ಒಂದೇ ರುಚಿ ಸಿಗಲಿ ಅಂತ. ಆದರೆ ಬೆಂದ ಎಳೆ ಸುಮ್ಮನಿರುವುದಿಲ್ಲ. ಮೇಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತಾ ಮೆತ್ತಗಾಗುತ್ತದೆ, ತಣ್ಣಗಾದರೆ ಒಳಗಿನ ಪಿಷ್ಟ ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ. ತಣ್ಣಗಿನ ಅನ್ನ ಬಿರುಸಾಗುವುದು ಇದೇ ಕಾರಣಕ್ಕೆ. ಅದನ್ನು ಸರಿ ಮಾಡಲು ಜೋರಾದ ಬೆಂಕಿ, ಕಾದ ಕಬ್ಬಿಣದ ಕಡಾಯಿ, ಕೈ ಬಿಡದೆ ಅಲ್ಲಾಡಿಸುವ ಒಬ್ಬ ಮನುಷ್ಯ ಬೇಕು. ಚಿತ್ತಾಪುರದ ಗಾಡಿಯಲ್ಲಿ ಈ ಮೂರೂ ಇವೆ. ಅದಕ್ಕೇ ಅದು ಕಡಿಮೆ ದುಡ್ಡಿಗೆ ಅಷ್ಟು ರುಚಿ.

ಅವ್ವನ ಶಾವಗಿಯ ಕೆಲಸವನ್ನು ನಾವು ಮರುವರ್ಷ ಬೇಸಿಗೆಯಲ್ಲಿ ಕೂತು ನೋಡಿದೆವು. ಚಿಕ್ಕಂದಿನಲ್ಲಿ ನೋಡಿದ್ದೇ, ಆದರೆ ಆಗ ಹಸಿ ಹಿಟ್ಟು ಕದ್ದು ತಿನ್ನುವುದಷ್ಟೇ ನಮ್ಮ ಪಾಲಿನ ಕೆಲಸ. ಜವಿಗೋದಿ ಸಿಕ್ಕರೆ ಜವಿಗೋದಿ. ನೀರು ಚಿಮುಕಿಸಿ, ಆರಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸುವುದು. ನಾದಿ, ನೆನೆಯಲು ಬಿಟ್ಟು, ಮತ್ತೆ ನಾದುವುದು. ಆಕೆಯ ಅತ್ತೆಯ ಕಾಲಕ್ಕೆ ಮಣೆಯ ಮೇಲೆ ಕೈಯಿಂದಲೇ ಹೊಸೆದು ಎಳೆಯುತ್ತಿದ್ದರು, ಒಂದು ಎಳೆ ಕೈಯಷ್ಟು ಉದ್ದವಾದ ಮೇಲೆ ಕೋಲಿಗೆ ಇಳಿಬಿಡುವುದು. ಈಗ ಓಣಿಗೊಂದು ತಿರುವುವ ಮಷೀನು ಇದೆ. ಒಬ್ಬಾಕೆ ಹಿಟ್ಟು ತುರುಕುತ್ತಾಳೆ, ಒಬ್ಬಾಕೆ ತಿರುವುತ್ತಾಳೆ, ಇನ್ನೊಬ್ಬಾಕೆ ಬರುವ ಎಳೆಯನ್ನು ಹಿಡಿದು ಹೊರಸಿನ ಮೇಲೆ ಒಣಗಲು ಹಾಕುತ್ತಾಳೆ. ಇವತ್ತು ಇವರ ಮನೆಯದು, ನಾಳೆ ಅವರ ಮನೆಯದು. ಕೂಲಿ ಯಾರೂ ಕೊಡುವುದಿಲ್ಲ, ಕೈಗೆ ಕೈ.

ನಾವು ಒಂದು ಗಂಟೆ ತಿರುವಿದೆವು, ರಟ್ಟೆ ಬಿದ್ದುಹೋಯಿತು. ಹೆಣ್ಣುಮಕ್ಕಳು ನಕ್ಕರು. "ಬೆಂಗ್ಳೂರಾಗ ಇದಕ್ಕ ಎಷ್ಟು ಕೊಟ್ರಿ ಅಂದ್ರಿ?" ಅಂತ ಒಬ್ಬಾಕೆ ಕೇಳಿದಳು. ಹೇಳಿದೆವು. ಆಕೆ ಮಷೀನು ನಿಲ್ಲಿಸಿ ಅವ್ವನ ಕಡೆ ತಿರುಗಿ, "ನೀ ಯಾಕ ಅಲ್ಲೇ ಅಂಗಡಿ ಹಾಕಿ ಬರ್ಲಿಲ್ಲಬೇ?" ಅಂದಳು.

ಅಷ್ಟೆಲ್ಲ ಶಾವಗಿ ಯಾಕೆ ಎಂದು ಕೇಳಿದರೆ ಅವ್ವ ಹೊಳೆಯ ಕಡೆ ಕೈ ಮಾಡಿದಳು. ಮಳೆಗಾಲದಲ್ಲಿ ಕಾಗಿಣಾ ತುಂಬಿ ಬಂದರೆ ದಂಡೋತಿಯ ಸೇತುವೆ ಮುಳುಗುತ್ತದೆ, ಬಸ್ಸು ನಿಲ್ಲುತ್ತದೆ. ಕಟ್ಟಿಗೆ ಹಸಿ, ಹಿಟ್ಟಿನ ಗಿರಣಿಗೆ ಕರೆಂಟಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ. ಆಗ ಡಬ್ಬಿ ತೆಗೆದು, ನೀರು ಕುದಿಸಿ, ಒಂದು ಹಿಡಿ ಹಾಕಿ ಬಸಿದರೆ ಮಕ್ಕಳ ಹೊಟ್ಟೆ ತುಂಬುತ್ತದೆ.

ಈ ಸಲ ಹೊರಡುವಾಗ ಆಕೆ ಕೊಟ್ಟ ಡಬ್ಬಿಯನ್ನು ನಾವು ರೂಮಿನ ಮೂಲೆಗೆ ಹಾಕಲಿಲ್ಲ. ಅರ್ಧ ಬೆಲ್ಲ ಹಾಕಿ ತಿಂದೆವು. ಇನ್ನರ್ಧಕ್ಕೆ ಉಳ್ಳಾಗಡ್ಡಿ, ಎಲೆಕೋಸು, ಸೋಯಾ ಸಾಸ್ ಹಾಕಿ ಹುರಿದೆವು. ಸ್ವಲ್ಪ ಹೆಚ್ಚೇ ಬೆಂದು ಮುದ್ದೆಯಾಯಿತು. ಬಟ್ಟಲಲ್ಲಿ ಮಾತ್ರ ಏನೂ ಬಿಡಲಿಲ್ಲ.